ಎಕ್ಸ್‌ರೇ ನಾರ್ಮಲ್, ಆದರೆ ಕಾಲು ಊರಲಾಗುತ್ತಿಲ್ಲ: ಪಾದ ಮತ್ತು ಕಣಕಾಲಿನ ಅಡಗಿದ ಮುರಿತಗಳನ್ನು ಹುಡುಕುವ ಬಗೆ

ಫೆಬ್ರುವರಿ ಕಳೆಯುತ್ತಿತ್ತು. ಮೂಡಿಗೆರೆ ಕಡೆಯ ತೋಟಗಳಲ್ಲಿ ಕರಿಮೆಣಸಿನ ಕೊಯ್ಲು ನಡೆದಿತ್ತು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಇಳಿಯುವಾಗ ಕಾರ್ಮಿಕರೊಬ್ಬರ ಕಾಲು ಮೆಟ್ಟಿಲಿನ ಸಂದಿಗೆ ಸಿಕ್ಕಿಕೊಂಡು, ಮೈ ಹಿಂದಕ್ಕೆ ವಾಲಿತು. ಎತ್ತರವೇನೂ ಹೆಚ್ಚಿರಲಿಲ್ಲ, ನೆಲದಿಂದ ಮೂರನೆಯ ಮೆಟ್ಟಿಲು. ಸಂಜೆ ಜೀಪಿನಲ್ಲಿ ಕರೆತಂದರು. ಕಣಕಾಲಿನ ಎರಡು ಎಕ್ಸ್‌ರೇ ತೆಗೆಸಿದೆ, ಮುರಿತ ಕಾಣಲಿಲ್ಲ. ಉಳುಕು ಎಂದು ಚೀಟಿಯಲ್ಲಿ ಬರೆದು, ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳುಹಿಸಿದೆ. ಐದನೆಯ ವಾರ ಅವರು ತಿರುಗಿ ಬಂದಾಗ ಪಾದದ ಕಮಾನು ಕುಸಿದಿತ್ತು. "ಏನೂ ಆಗಿಲ್ಲ ಎಂದಿರಿ ಡಾಕ್ಟರೇ, ಅದಕ್ಕೇ ಕೆಲಸಕ್ಕೆ ಹೋದೆ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕಾಗಿಯೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪೆಟ್ಟಾಗಿದ್ದದ್ದು ಪಾದದ ನಡುವಿಗೆ. ನಾನು ತೆಗೆಸಿದ್ದು ಕಣಕಾಲಿನ ಎಕ್ಸ್‌ರೇ.

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಕಿರಿಯ ವೈದ್ಯರಿಗಾಗಿ, ಎಕ್ಸ್‌ರೇ ಕೋಣೆಯ ತಂತ್ರಜ್ಞರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಫಿಲ್ಮಿನಲ್ಲಿ ಅವು ಒಂದರ ಮೇಲೊಂದು ಬಿದ್ದು ನೆರಳಿನೊಳಗೆ ನೆರಳಾಗಿ ಕಾಣುತ್ತವೆ. ಅಂಥಲ್ಲಿ ಕೂದಲೆಳೆಯ ಬಿರುಕು ಮರೆಯಾಗುವುದು ಸಹಜ. ಫಿಲ್ಮ್ ಒಂದು ಹೇಳಿ ಕಾಲು ಇನ್ನೊಂದು ಹೇಳಿದರೆ ಕಾಲನ್ನು ನಂಬಿ ಎನ್ನುವುದೇ ನಾನು ಹೇಳಬೇಕಾದದ್ದು. ಉಳಿದುದೆಲ್ಲ ಅದನ್ನು ಮಾಡುವ ವಿಧಾನ.

ಫಿಲ್ಮ್ ಕೈಗೆ ಬರುವ ಮೊದಲು

ಮೊದಲು ಬಿದ್ದ ಬಗೆಯನ್ನು ಕೇಳಿ. "ಕಾಲು ಉಳುಕಿತು" ಎಂಬ ಒಂದೇ ಮಾತಿಗೆ ನಿಲ್ಲಬೇಡಿ. ಪಾದ ಒಳಕ್ಕೆ ಮಗುಚಿತೋ, ಹೊರಕ್ಕೆ ತಿರುಚಿತೋ, ಮೇಲಿನಿಂದ ಹಿಮ್ಮಡಿಯ ಮೇಲೆ ಬಿದ್ದರೋ, ಪಾದ ಎಲ್ಲಿಯಾದರೂ ಸಿಕ್ಕಿಕೊಂಡು ಮೈ ಮಾತ್ರ ತಿರುಗಿತೋ? ಈ ನಾಲ್ಕು ಬಗೆಗಳು ನಿಮ್ಮನ್ನು ನಾಲ್ಕು ಬೇರೆ ಜಾಗಗಳಿಗೆ ಕರೆದೊಯ್ಯುತ್ತವೆ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿದವರ ಕಥೆ ಒಂದು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಕೊಂಬೆಯಿಂದ ಬಿದ್ದವರ ಕಥೆಯೇ ಬೇರೆ.

ಆಮೇಲೆ ಒಂದೇ ಬೆರಳಿನಿಂದ ಒತ್ತಿ ನೋಡಿ. ಅಂಗೈಯಿಂದ ಇಡೀ ಕಣಕಾಲನ್ನು ಹಿಚುಕಿದರೆ ಎಲ್ಲ ಕಡೆಯೂ ನೋವೇ. ಕೆನಡಾದ ಆಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಒಳ್ಳೆಯ ಆರಂಭ. ಹೊರಗೆಣ್ಣು ಮತ್ತು ಒಳಗೆಣ್ಣಿನ ತುದಿ ಹಾಗೂ ಅವುಗಳ ಹಿಂಬದಿಯ ಕೊನೆಯ 6 ಸೆಂಟಿಮೀಟರ್ ಅಂಚನ್ನು ಒತ್ತಿ ನೋಡಬೇಕು. ಪಾದದಲ್ಲಿ ಐದನೆಯ ಮೆಟಟಾರ್ಸಲ್ ಮೂಳೆಯ (ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ ಕಿರುಬೆರಳಿನದು) ಬುಡವನ್ನೂ ಪಾದದ ನಡುವೆ ಒಳಬದಿಯಲ್ಲಿರುವ ನೆವಿಕ್ಯುಲರ್ ಮೂಳೆಯನ್ನೂ ಒತ್ತಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗಲಿಲ್ಲವೇ ಎಂದು ತಿಳಿಯಬೇಕು. ಇವುಗಳಲ್ಲಿ ಯಾವುದೊಂದಿದ್ದರೂ ಎಕ್ಸ್‌ರೇ ಬೇಕು. ಕುಡಿದು ಬಂದವರಲ್ಲಿ, ತಲೆಗೆ ಪೆಟ್ಟಾದವರಲ್ಲಿ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಸತ್ತವರಲ್ಲಿ ಈ ನಿಯಮಗಳನ್ನು ನೆಚ್ಚಿಕೊಳ್ಳಬೇಡಿ.

ನಾನು ಇದಕ್ಕೆ ಮೂರು ಜಾಗಗಳನ್ನು ಸೇರಿಸಿಕೊಂಡಿದ್ದೇನೆ. ಒಂದು, ಮೊಣಕಾಲಿನ ಕೆಳಗಿನವರೆಗೂ ಫಿಬುಲಾ ಮೂಳೆಯ, ಎಂದರೆ ಕೆಳಗಾಲಿನ ಹೊರಬದಿಯ ತೆಳು ಮೂಳೆಯ, ಉದ್ದಕ್ಕೂ. ಎರಡು, ಪಾದದ ಮೇಲ್ಭಾಗದಲ್ಲಿ ಒಂದನೆಯ ಮತ್ತು ಎರಡನೆಯ ಮೆಟಟಾರ್ಸಲ್‌ಗಳ ಬುಡದ ನಡುವೆ. ಮೂರು, ಹೊರಗೆಣ್ಣಿನ ತುದಿಯ ಕೆಳಗೆ ಮತ್ತು ಸ್ವಲ್ಪ ಮುಂದೆ. ಎಲ್ಲಕ್ಕಿಂತ ನೋವು ಹೆಚ್ಚಿರುವ ಬಿಂದುವಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಎಕ್ಸ್‌ರೇ ಚೀಟಿಯಲ್ಲಿ ಆ ಜಾಗದ ಹೆಸರನ್ನು ಬರೆಯಿರಿ. "ಬಲಗಾಲು ಎಕ್ಸ್‌ರೇ" ಎಂದಷ್ಟೇ ಬರೆದ ಚೀಟಿ ತಂತ್ರಜ್ಞರಿಗೆ ಏನನ್ನೂ ಹೇಳುವುದಿಲ್ಲ.

ಅಂಗಾಲನ್ನು ತಿರುಗಿಸಿ ನೋಡುವುದನ್ನು ಮರೆಯಬೇಡಿ. ಅಂಗಾಲಿನ ನಡುವೆ ನೀಲಿಗಟ್ಟಿದ ಕಲೆ ಇದ್ದರೆ ಅದು ಸಾಮಾನ್ಯ ಉಳುಕಿನದಲ್ಲ. ತೋಟದಿಂದ ನೇರವಾಗಿ ಬಂದ ಕಾಲಿನ ಮೇಲೆ ಮಣ್ಣು ಮೆತ್ತಿರುತ್ತದೆ. ತೊಳೆಯದೆ ಈ ಕಲೆ ಕಾಣುವುದಿಲ್ಲ.

ಫಿಲ್ಮೇ ಸರಿಯಿಲ್ಲದಿದ್ದರೆ

ತೊಳೆಯುವುದಕ್ಕೆ ಇನ್ನೊಂದು ಕಾರಣವಿದೆ. ಚರ್ಮದ ಮೇಲಿನ ಮಣ್ಣಿನ ಹರಳು ಫಿಲ್ಮಿನಲ್ಲಿ ಮೂಳೆಯ ಚೂರಿನಂತೆ ತೋರಬಹುದು. ಊರಿನಲ್ಲಿ ಉಳುಕು ತೆಗೆಸಿಕೊಂಡು, ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದಿದ್ದರೆ ಎಲ್ಲವನ್ನೂ ಮೆಲ್ಲಗೆ ಬಿಡಿಸಿ ತೆಗೆಸಿ. ಕಟ್ಟಿನ ಮೇಲೆಯೇ ತೆಗೆದ ಎಕ್ಸ್‌ರೇಯನ್ನು ಓದುವುದೆಂದರೆ ಮಂಜಿನಲ್ಲಿ ಘಾಟಿ ಇಳಿದಂತೆ.

ಕಣಕಾಲಿಗೆ ಮೂರು ನೋಟಗಳು ಬೇಕು: ಎಪಿ (ಮುಂದಿನಿಂದ), ಲ್ಯಾಟರಲ್ (ಪಕ್ಕದಿಂದ), ಮತ್ತು ಕಾಲನ್ನು 15ರಿಂದ 20 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯುವ ಮಾರ್ಟಿಸ್. ಮೂರನೆಯದನ್ನು ಬಿಟ್ಟುಬಿಡುವ ರೂಢಿ ನಮ್ಮಲ್ಲಿ ಬಹಳ ಇದೆ, ಅಡಗಿದ ಮುರಿತಗಳು ಹೆಚ್ಚಾಗಿ ಕಾಣುವುದೂ ಅದರಲ್ಲೇ. ಲ್ಯಾಟರಲ್ ನೋಟದಲ್ಲಿ ಐದನೆಯ ಮೆಟಟಾರ್ಸಲ್‌ನ ಬುಡ ಸೇರಿರಲೇಬೇಕು. ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ ಮತ್ತೆ ತೆಗೆಸಿ. ಪಾದಕ್ಕೂ ಎಪಿ, ಓರೆ ನೋಟ ಮತ್ತು ಲ್ಯಾಟರಲ್ ಎಂದು ಮೂರು. ಕಣಕಾಲಿನ ಫಿಲ್ಮ್ ನೋಡಿ ಪಾದದ ಬಗ್ಗೆ ತೀರ್ಪು ಕೊಡಬಾರದು. ನಾನು ಆ ದಿನ ಮಾಡಿದ್ದು ಅದನ್ನೇ.

ಮೊಬೈಲ್‌ನಲ್ಲಿ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಅಭಿಪ್ರಾಯ ಕೇಳುವುದು ಈಗ ದಿನನಿತ್ಯದ ಮಾತು. ದೊಡ್ಡ ಮುರಿತಕ್ಕೆ ಅದು ಸಾಕಾಗಬಹುದು. ಈ ಬರಹದ ಮುರಿತಗಳಿಗೆ ಸಾಲದು, ಅವೆಲ್ಲ ಮಿಲಿಮೀಟರ್‌ಗಳ ಲೆಕ್ಕದವು.

ಕಾಲು ಒಳಕ್ಕೆ ಮಗುಚಿದೆ, ಹೊರಗೆಣ್ಣಿನ ಸುತ್ತ ಊತ, ಫಿಬುಲಾ ಸರಿಯಾಗಿದೆ

ಇದೇ ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು. ಹೆಚ್ಚಿನವು ನಿಜಕ್ಕೂ ಅಸ್ಥಿಬಂಧದ ಉಳುಕೇ ಆಗಿರುತ್ತವೆ. ಆದರೆ ಉಳುಕಿನ ವೇಷದಲ್ಲಿ ಬರುವ ಮೂರು ಮುರಿತಗಳನ್ನು ತಳ್ಳಿಹಾಕಿದ ಮೇಲೆಯೇ ಆ ಪದವನ್ನು ಬರೆಯಿರಿ.

ಮೊದಲನೆಯದು ಟೇಲಸ್ ಮೂಳೆಯ, ಎಂದರೆ ಕಣಕಾಲಿನ ಕೀಲಿನಲ್ಲಿ ಹಿಮ್ಮಡಿ ಮೂಳೆಯ ಮೇಲೆ ಕೂತ ಮೂಳೆಯ, ಹೊರಚಾಚಿನ ಮುರಿತ. ಹಿಮದ ಹಲಗೆಯ ಮೇಲೆ ಜಾರುವ ಆಟಗಾರರಲ್ಲಿ ಹೆಚ್ಚಾಗಿ ಕಂಡದ್ದರಿಂದ ಹೊರದೇಶಗಳಲ್ಲಿ ಇದಕ್ಕೆ ಸ್ನೋಬೋರ್ಡರ್ ಮುರಿತ ಎಂಬ ಹೆಸರು ಬಂದಿದೆ. ಹಿಮವಿಲ್ಲದ ನಮ್ಮಲ್ಲೂ ಇದು ಆಗುತ್ತದೆ. ಪಾದ ಮೇಲಕ್ಕೆ ಬಾಗಿದ್ದಾಗಲೇ ಒಳಕ್ಕೆ ಮಗುಚಿದರೆ ಸಾಕು. ದೀಪಾವಳಿಯ ಹೊತ್ತಿಗೆ ದೇವೀರಮ್ಮನ ಬೆಟ್ಟವನ್ನು ಬರಿಗಾಲಿನಲ್ಲಿ ಹತ್ತಿ, ಕಡಿದಾದ ಜಾರು ದಾರಿಯಲ್ಲಿ ಇಳಿಯುವವರ ಪಾದ ಹೇಗೆ ನಿಂತಿರುತ್ತದೆಂದು ನೆನೆಸಿಕೊಳ್ಳಿ. ನೋವು ಹೊರಗೆಣ್ಣಿನ ತುದಿಯ ಕೆಳಗೇ ಇರುವುದರಿಂದ ಉಳುಕಿನಿಂದ ಬೇರ್ಪಡಿಸುವುದು ಕಷ್ಟ. ಎಪಿ ಅಥವಾ ಮಾರ್ಟಿಸ್ ನೋಟದಲ್ಲಿ ಫಿಬುಲಾದ ತುದಿಯ ಕೆಳಗೆ ಟೇಲಸ್‌ನ ಹೊರ ಮೂಲೆಯನ್ನು ದಿಟ್ಟಿಸಿ ನೋಡಿ. ಅಲ್ಲಿನ ಅಂಚು ಮುರಿದಿದ್ದರೆ, ಚೂರೊಂದು ಬೇರೆಯಾಗಿದ್ದರೆ, ಸಿಟಿ ಸ್ಕ್ಯಾನ್‌ಗೆ ಕಳುಹಿಸಿ. ಬಿಟ್ಟರೆ ಟೇಲಸ್‌ನ ಕೆಳಗಿನ ಕೀಲು ಸವೆದು, ಏರುಪೇರಿನ ನೆಲದಲ್ಲಿ ನಡೆಯುವುದೇ ಅವರಿಗೆ ಶಿಕ್ಷೆಯಾಗುತ್ತದೆ. ತೋಟದ ಇಳಿಜಾರಿನಲ್ಲಿ ದುಡಿಯುವವರಿಗೆ ಸಮತಟ್ಟಾದ ನೆಲವೆಲ್ಲಿದೆ?

ಎರಡನೆಯದು ಹಿಮ್ಮಡಿ ಮೂಳೆಯ, ಎಂದರೆ ಕ್ಯಾಲ್ಕೇನಿಯಸ್‌ನ, ಮುಂಚಾಚಿನ ಮುರಿತ. ಪಾದ ಕೆಳಕ್ಕೆ ಬಾಗಿ ಒಳಕ್ಕೆ ಮಗುಚಿದಾಗ ಅಲ್ಲಿನ ಅಸ್ಥಿಬಂಧ ಮೂಳೆಯ ತುದಿಯನ್ನೇ ಕಿತ್ತುಕೊಂಡು ಬರುತ್ತದೆ. ನೋವಿನ ಬಿಂದು ಹೊರಗೆಣ್ಣಿನಿಂದ ಎರಡು ಬೆರಳು ಮುಂದೆ, ಒಂದು ಬೆರಳು ಕೆಳಗೆ. ಲ್ಯಾಟರಲ್ ಮತ್ತು ಪಾದದ ಓರೆ ನೋಟದಲ್ಲಿ ಹುಡುಕಬೇಕು.

ಮೂರನೆಯದು ಐದನೆಯ ಮೆಟಟಾರ್ಸಲ್‌ನ ಬುಡ. ಶ್ರವಣಬೆಳಗೊಳದ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದವರು "ಹರಡಿನಲ್ಲಿ ನೋವು" (ಕಣಕಾಲಿನ ಗಂಟಿನಲ್ಲಿ ನೋವು) ಎನ್ನುತ್ತಲೇ ಬರುತ್ತಾರೆ. ಒತ್ತಿ ನೋಡಿದರೆ ನೋವು ಪಾದದ ಹೊರ ಅಂಚಿನಲ್ಲಿರುತ್ತದೆ. ಬುಡದ ತುದಿ ಕಿತ್ತುಬಂದಿದ್ದರೆ ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ. ತುದಿಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಮುಂದೆ, ಮೂಳೆಯ ಕಾಂಡ ಶುರುವಾಗುವಲ್ಲಿ ಅಡ್ಡ ಬಿರುಕಿದ್ದರೆ ಅದು ಜೋನ್ಸ್ ಮುರಿತ. ಲಿವರ್‌ಪೂಲ್‌ನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಕುಣಿಯುವಾಗ ತನ್ನದೇ ಪಾದಕ್ಕೆ ಆದ ಮುರಿತವನ್ನು 1902ರಲ್ಲಿ ವಿವರಿಸಿ ಬರೆದರು. ಅಲ್ಲಿ ರಕ್ತ ಸಂಚಾರ ಕಡಿಮೆ, ಕೂಡಿಕೊಳ್ಳುವುದು ನಿಧಾನ, ಕೆಲವೊಮ್ಮೆ ಕೂಡುವುದೇ ಇಲ್ಲ. ಆದ್ದರಿಂದ ಎರಡನ್ನೂ ಒಂದೇ ಎಂದು ಬಗೆದು ನಡೆಯಲು ಬಿಡಬೇಡಿ.

ಒಳಗೆಣ್ಣಿನ ಕಡೆ ಊತ, ಕಣಕಾಲಿನ ಫಿಲ್ಮಿನಲ್ಲಿ ಫಿಬುಲಾ ಮುರಿದಿಲ್ಲ

ಪಾದ ಹೊರಕ್ಕೆ ತಿರುಚಿದ್ದರೆ ಬಲವು ಒಳಗಿನಿಂದ ಶುರುವಾಗಿ, ಎರಡು ಮೂಳೆಗಳನ್ನು ಹಿಡಿದಿಟ್ಟ ಅಸ್ಥಿಬಂಧವನ್ನು ಸೀಳಿ, ಮೇಲೇರಿ, ಮೊಣಕಾಲಿನ ಹತ್ತಿರ ಫಿಬುಲಾವನ್ನು ಮುರಿದು ಹೊರಬೀಳಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಮೇಸೊನ್ಯೂವ್ 1840ರಲ್ಲಿ ಇದನ್ನು ವಿವರಿಸಿದ. ಮುರಿತ ಇರುವುದು ಫಿಲ್ಮಿನ ಚೌಕಟ್ಟಿನಿಂದ ಒಂದು ಗೇಣು ಆಚೆ. ಎಷ್ಟು ದಿಟ್ಟಿಸಿದರೂ ಆ ಫಿಲ್ಮಿನಲ್ಲಿ ಅದು ಕಾಣುವುದಿಲ್ಲ. ಅದಕ್ಕೇ ಫಿಬುಲಾವನ್ನು ಉದ್ದಕ್ಕೂ ಒತ್ತಿ ನೋಡಿ ಎಂದದ್ದು.

ಫಿಲ್ಮಿನಲ್ಲಿ ಸುಳಿವುಗಳಿರುತ್ತವೆ. ಮಾರ್ಟಿಸ್ ನೋಟದಲ್ಲಿ ಟೇಲಸ್‌ನ ಸುತ್ತಲಿನ ಸಂದು ಎಲ್ಲ ಬದಿಗೂ ಒಂದೇ ಅಗಲವಿರಬೇಕು. ಒಳಬದಿಯ ಸಂದು 4 ಮಿಲಿಮೀಟರ್ ಮೀರಿದ್ದರೆ, ಅಥವಾ ಕೀಲಿನಿಂದ ಒಂದು ಸೆಂಟಿಮೀಟರ್ ಮೇಲೆ ಟಿಬಿಯಾ (ಕೆಳಗಾಲಿನ ದೊಡ್ಡ ಮೂಳೆ) ಮತ್ತು ಫಿಬುಲಾಗಳ ನಡುವಿನ ಸಂದು 6 ಮಿಲಿಮೀಟರ್ ಮೀರಿದ್ದರೆ, ಮೊಣಕಾಲು ಸೇರಿದಂತೆ ಇಡೀ ಕೆಳಗಾಲಿನ ಎಕ್ಸ್‌ರೇ ತೆಗೆಸಿ. ಟಿಬಿಯಾದ ಹಿಂತುಟಿಯಲ್ಲಿ ಮಾತ್ರ ಸಣ್ಣ ಮುರಿತ ಕಂಡರೂ ಹಾಗೆಯೇ ಮಾಡಿ. ಅದು ಒಂಟಿಯಾಗಿ ಬರುವುದು ಅಪರೂಪ. ಒಂದು ಬಿರುಕು ಕಂಡ ಕೂಡಲೇ ಕಣ್ಣು ತೃಪ್ತಿಪಟ್ಟು ಹುಡುಕಾಟ ನಿಲ್ಲಿಸುತ್ತದೆ. ಆಗ ಎರಡನೆಯದು ತಪ್ಪಿಹೋಗುತ್ತದೆ.

ಪಾದದ ನಡುವೆ ನೋವು, ಹೆಬ್ಬೆರಳಿನ ಮೇಲೆ ನಿಲ್ಲಲಾಗದು

ನನ್ನ ಕೈ ತಪ್ಪಿದ್ದು ಇದೇ, ಲಿಸ್‌ಫ್ರಾಂಕ್ ಕೀಲಿನ ಪೆಟ್ಟು. ಮೆಟಟಾರ್ಸಲ್‌ಗಳ ಬುಡಗಳು ಪಾದದ ನಡುವಿನ ಮೂಳೆಗಳಿಗೆ ಸೇರುವ ಸಾಲೇ ಈ ಕೀಲು. ಝಾಕ್ ಲಿಸ್‌ಫ್ರಾಂಕ್ ನೆಪೋಲಿಯನ್ ಕಾಲದ ಫ್ರೆಂಚ್ ಶಸ್ತ್ರವೈದ್ಯ. ಪಾದವನ್ನು ಈ ಕೀಲಿನ ಸಾಲಿನಲ್ಲಿ ಕತ್ತರಿಸಿ ತೆಗೆಯುವ ವಿಧಾನದಿಂದ ಆತನ ಹೆಸರು ಇದಕ್ಕೆ ಅಂಟಿಕೊಂಡಿತು. ಕುದುರೆಯಿಂದ ಬೀಳುವಾಗ ರಿಕಾಪಿನಲ್ಲಿ ಪಾದ ಸಿಕ್ಕಿಕೊಂಡ ಸವಾರನ ಪೆಟ್ಟಿಗೂ ಏಣಿಯ ಮೆಟ್ಟಿಲಿನಲ್ಲಿ ಪಾದ ಸಿಕ್ಕಿಕೊಂಡ ಮೆಣಸು ಕೊಯ್ಯುವವನ ಪೆಟ್ಟಿಗೂ ಬಲದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ರಚನೆಯನ್ನು ಅರಿತರೆ ಹುಡುಕುವುದು ಸುಲಭ. ಎರಡನೆಯ ಮೆಟಟಾರ್ಸಲ್‌ನ ಬುಡ ಪಾದದ ನಡುವಿನ ಮೂರು ಬೆಣೆಯಾಕಾರದ ಕ್ಯೂನಿಫಾರ್ಮ್ ಮೂಳೆಗಳ ನಡುವೆ, ಮರದ ಬೆಸುಗೆಯಲ್ಲಿ ಗೂಟ ಕೂತಂತೆ ಕೂತಿರುತ್ತದೆ. ಎರಡನೆಯದರಿಂದ ಐದನೆಯದರವರೆಗೆ ಮೆಟಟಾರ್ಸಲ್‌ಗಳ ಬುಡಗಳನ್ನು ಅಸ್ಥಿಬಂಧಗಳು ಒಂದಕ್ಕೊಂದು ಕಟ್ಟಿವೆ. ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ಅಂಥ ಕಟ್ಟಿಲ್ಲ. ಒಳ ಕ್ಯೂನಿಫಾರ್ಮ್‌ನಿಂದ ಎರಡನೆಯ ಮೆಟಟಾರ್ಸಲ್‌ನ ಬುಡಕ್ಕೆ ಓರೆಯಾಗಿ ಹೋಗುವ ಒಂದೇ ಅಸ್ಥಿಬಂಧ ಆ ಸಂದನ್ನು ಕಾಯುತ್ತದೆ. ಅದು ಹರಿದರೆ ಇಡೀ ಕಮಾನಿನ ಬೀಗ ತೆರೆದಂತೆ.

ಎಪಿ ನೋಟದಲ್ಲಿ ಎರಡನೆಯ ಮೆಟಟಾರ್ಸಲ್‌ನ ಒಳ ಅಂಚೂ ನಡು ಕ್ಯೂನಿಫಾರ್ಮ್‌ನ ಒಳ ಅಂಚೂ ಒಂದೇ ಗೆರೆಯಲ್ಲಿರಬೇಕು. ಓರೆ ನೋಟದಲ್ಲಿ ನಾಲ್ಕನೆಯ ಮೆಟಟಾರ್ಸಲ್‌ನ ಒಳ ಅಂಚು ಅದರ ಹಿಂದಿನ ಕ್ಯೂಬಾಯ್ಡ್ ಮೂಳೆಯ ಒಳ ಅಂಚಿನ ನೇರಕ್ಕೆ ಬರಬೇಕು. ಗೆರೆ ಒಂದು ಮೆಟ್ಟಿಲು ತಪ್ಪಿದರೂ ಅದು ದೋಷವೇ. ಒಂದನೆಯ ಮತ್ತು ಎರಡನೆಯ ಬುಡಗಳ ನಡುವೆ 2 ಮಿಲಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ, ಅಥವಾ ಅಕ್ಕಿಯ ನುಚ್ಚಿನಷ್ಟು ಮೂಳೆಯ ಚೂರು ಕಂಡರೆ, ಅನುಮಾನ ಬಲವಾಗಬೇಕು. ಆ ಚೂರು ಅಸ್ಥಿಬಂಧ ಕಿತ್ತುಕೊಂಡು ಬಂದದ್ದು. ಲ್ಯಾಟರಲ್ ನೋಟದಲ್ಲಿ ಮೆಟಟಾರ್ಸಲ್‌ನ ಬುಡ ಕ್ಯೂನಿಫಾರ್ಮ್‌ಗಿಂತ ಮೇಲೆ ಎದ್ದು ನಿಂತಿದೆಯೇ ಎಂದೂ ನೋಡಿ.

ಇಷ್ಟೆಲ್ಲ ಸರಿಯಿದ್ದರೂ ಪೆಟ್ಟು ಇರಬಹುದು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಪಾದದ ಮೇಲೆ ಭಾರವಿರುವುದಿಲ್ಲ, ಸಡಿಲವಾದ ಮೂಳೆಗಳೂ ತಮ್ಮ ಜಾಗದಲ್ಲೇ ಕೂತಿರುತ್ತವೆ. ಎರಡೂ ಪಾದಗಳ ಮೇಲೆ ಸಮನಾಗಿ ನಿಲ್ಲಿಸಿ, ಒಂದೇ ಫಿಲ್ಮಿನಲ್ಲಿ ಎರಡನ್ನೂ ತೆಗೆಸಿ ಹೋಲಿಸಿ. ಮೊದಲ ದಿನ ನೋವಿನಿಂದ ನಿಲ್ಲಲಾಗದಿದ್ದರೆ ಒತ್ತಾಯ ಬೇಡ. ಸ್ಲ್ಯಾಬ್ (ಒಂದು ಬದಿಯ ಪ್ಲಾಸ್ಟರ್ ಕಟ್ಟು) ಹಾಕಿ, ವಾರದಿಂದ ಹತ್ತು ದಿನ ಬಿಟ್ಟು ನಿಲ್ಲಿಸಿ ತೆಗೆಸಿ, ಇಲ್ಲವೇ ಸಿಟಿ ಮಾಡಿಸಿ. ಐದರಲ್ಲಿ ಒಂದು ಲಿಸ್‌ಫ್ರಾಂಕ್ ಪೆಟ್ಟು ಮೊದಲ ಭೇಟಿಯಲ್ಲಿ ತಪ್ಪಿಹೋಗುತ್ತದೆ ಎಂದು ಮೂಳೆ ಶಾಸ್ತ್ರದ ಪಠ್ಯಗಳು ಬಹಳ ಕಾಲದಿಂದ ಹೇಳುತ್ತಿವೆ. ನಾನದನ್ನು ಓದಿದ್ದೆ. ಓದಿದ್ದೂ ಆ ದಿನ ಪಾದದ ಮೇಲೆ ಬೆರಳಿಡಲಿಲ್ಲ.

ಮರದಿಂದ ಬಿದ್ದು ಹಿಮ್ಮಡಿ ಊರಲಾಗದವರು

ಮರಗಸಿ, ಅಡಿಕೆ, ಮೆಣಸು, ಈ ಮೂರೂ ಕೆಲಸಗಳಲ್ಲಿ ಬಿದ್ದವರನ್ನು ನೋಡಿದ್ದೇನೆ. ಹಿಮ್ಮಡಿ ನುಚ್ಚುನೂರಾಗಿದ್ದರೆ ಯಾರ ಕಣ್ಣಿಗೂ ತಪ್ಪುವುದಿಲ್ಲ. ತಪ್ಪುವುದು ಒಳಕ್ಕೆ ಕುಸಿದ ಮುರಿತ. ಅಲ್ಲಿ ಕಪ್ಪು ಗೆರೆ ಕಾಣದು. ಮೂಳೆ ಮೂಳೆಯೊಳಗೆ ಹೊಕ್ಕು ಬಿಳಿಯ ಪಟ್ಟಿಯಾಗಿ ತೋರುತ್ತದೆ. ಲ್ಯಾಟರಲ್ ನೋಟದಲ್ಲಿ ಬ್ಯೋಲರ್ ಕೋನವನ್ನು ಅಳೆಯಿರಿ. ಹಿಂದಿನ ಕೀಲುಮುಖದ ಅತಿ ಎತ್ತರದ ಬಿಂದುವಿನಿಂದ ಒಂದು ಗೆರೆ ಮುಂಚಾಚಿನ ತುದಿಗೆ, ಇನ್ನೊಂದು ಹಿಂಬದಿಯ ಉಬ್ಬಿನ ನೆತ್ತಿಗೆ. ಇವೆರಡರ ನಡುವಿನ ಕೋನ 20ರಿಂದ 40 ಡಿಗ್ರಿ ಇರಬೇಕು. ಇಪ್ಪತ್ತಕ್ಕಿಂತ ಇಳಿದಿದ್ದರೆ ಮೂಳೆ ಕುಸಿದಿದೆ. ಕೋನ ಸರಿಯಿದ್ದ ಮಾತ್ರಕ್ಕೆ ಮುರಿತವಿಲ್ಲ ಎನ್ನುವಂತಿಲ್ಲ, ಹಿಮ್ಮಡಿಯ ಅಕ್ಷೀಯ ನೋಟವನ್ನೂ ತೆಗೆಸಿ. ಆಮೇಲೆ ಇನ್ನೊಂದು ಹಿಮ್ಮಡಿಯನ್ನೂ ಸೊಂಟದ ಬೆನ್ನುಮೂಳೆಯನ್ನೂ ಒತ್ತಿ ನೋಡಲೇಬೇಕು. ಹಿಮ್ಮಡಿಯ ಮೂಲಕ ಹೋದ ಬಲ ಬೆನ್ನನ್ನೂ ಮುರಿದಿರಬಹುದು, ಕಾಲಿನ ನೋವಿನ ಅಬ್ಬರದಲ್ಲಿ ಅವರು ಬೆನ್ನಿನ ಮಾತೇ ಎತ್ತುವುದಿಲ್ಲ.

ಬಿದ್ದೇ ಇಲ್ಲ, ಆದರೂ ನೋವು

ಶಿವರಾತ್ರಿಗೆ ಚಾರ್ಮಾಡಿ ಘಾಟಿಯ ಮೂಲಕ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಿಬಂದವರಲ್ಲಿ ಕೆಲವರು ಪಾದದ ಮುಂಭಾಗ ಊದಿಸಿಕೊಂಡು ಬರುತ್ತಾರೆ. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ಸೈನಿಕರಲ್ಲಿ ಗುರುತಿಸಿದ ಊತವೇ ಇದು, ಎರಡನೆಯ ಅಥವಾ ಮೂರನೆಯ ಮೆಟಟಾರ್ಸಲ್‌ನ ಒತ್ತಡದ ಮುರಿತ. ಮೊದಲ ಎಕ್ಸ್‌ರೇಯಲ್ಲಿ ಏನೂ ಇರುವುದಿಲ್ಲ. ಎರಡು ಮೂರು ವಾರಗಳ ನಂತರ ಬಿರುಕಿನ ಸುತ್ತ ಹೊಸ ಮೂಳೆ ಮೋಡದಂತೆ ಕಟ್ಟಿಕೊಂಡಾಗ ಕಾಣುತ್ತದೆ. ಅಲ್ಲಿಯವರೆಗೆ ವಿಶ್ರಾಂತಿ ಕೊಡಿ, ಮತ್ತೆ ತೆಗೆಸಿ.

ಸಕ್ಕರೆ ಕಾಯಿಲೆಯವರ ಪಾದ ಕೆಂಪಾಗಿ, ಬೆಚ್ಚಗೆ, ಊದಿಕೊಂಡಿದ್ದು, ನೋವು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ ಇದ್ದರೆ ಇನ್ನೂ ಎಚ್ಚರ ಬೇಕು. ಸೋಂಕು ಎಂದು ಆ್ಯಂಟಿಬಯಾಟಿಕ್ ಕೊಟ್ಟು ನಡೆಯಲು ಬಿಟ್ಟರೆ ಕೆಲವೇ ವಾರಗಳಲ್ಲಿ ಮೂಳೆಗಳು ಪುಡಿಯಾಗಬಹುದು. ಇದು ಶಾರ್ಕೋ ಪಾದದ, ಎಂದರೆ ಸ್ಪರ್ಶ ಸತ್ತ ಪಾದದ ಮೂಳೆ ಮತ್ತು ಕೀಲುಗಳು ಕುಸಿಯುವ ಕಾಯಿಲೆಯ, ಆರಂಭ, ಆ ಹಂತದಲ್ಲಿ ಎಕ್ಸ್‌ರೇ ಸ್ವಚ್ಛವಾಗಿಯೇ ಇರುತ್ತದೆ. ಇನ್ನೊಂದು ಪಾದದೊಡನೆ ಹೋಲಿಸಿ ಮುಟ್ಟಿ ನೋಡಿ. ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದರೆ ಆ ಕಾಲಿನ ಮೇಲೆ ಭಾರ ಬೀಳದಂತೆ ಮಾಡಿ, ಅಂದೇ ತಜ್ಞರಿಗೆ ತೋರಿಸಿ.

ಮಕ್ಕಳು, ಮತ್ತು ಮುರಿತದಂತೆ ಕಾಣುವ ಮೂಳೆಗಳು

ಮಕ್ಕಳಲ್ಲಿ ಬೆಳವಣಿಗೆಯ ಫಲಕ (ಮೂಳೆಯ ತುದಿಯ ಬಳಿ ಅದು ಬೆಳೆಯುವ ಪದರ) ಅಸ್ಥಿಬಂಧಕ್ಕಿಂತ ಮೆದು. ಹೊರಗೆಣ್ಣಿನ ಫಲಕದ ಮೇಲೆಯೇ ನೋವಿದ್ದರೆ ಫಿಲ್ಮ್ ಏನೇ ಹೇಳಲಿ, ಫಲಕದ ಪೆಟ್ಟೆಂದು ಭಾವಿಸಿ ಸ್ಲ್ಯಾಬ್ ಹಾಕಿ. ಹನ್ನೆರಡರಿಂದ ಹದಿನೈದರ ವಯಸ್ಸಿನಲ್ಲಿ ಟಿಬಿಯಾದ ಫಲಕ ಹೊರಬದಿಯಲ್ಲಿ ಕೊನೆಗೆ ಮುಚ್ಚುವುದರಿಂದ, ಮುಂದಿನ ಹೊರ ಮೂಲೆ ಕಿತ್ತುಬರುವ ಟಿಲೋ ಮುರಿತವನ್ನು ಅಲ್ಲಿ ಹುಡುಕಬೇಕು. ಐದನೆಯ ಮೆಟಟಾರ್ಸಲ್‌ನ ಬುಡದಲ್ಲಿ ಮೂಳೆಯ ಉದ್ದಕ್ಕೇ ಓಡುವ ಗೆರೆ ಬೆಳವಣಿಗೆಯದು. ಅಡ್ಡಲಾಗಿ ಓಡುವುದು ಮುರಿತ.

ಹೆಚ್ಚುವರಿ ಪುಟ್ಟ ಮೂಳೆಗಳು ಹಲವರಲ್ಲಿ ಸಹಜವಾಗಿಯೇ ಇರುತ್ತವೆ. ಟೇಲಸ್‌ನ ಹಿಂದಿನ ಆಸ್ ಟ್ರೈಗೋನಮ್ ಅವುಗಳಲ್ಲಿ ಹೆಚ್ಚು ಕಾಣುವಂಥದು. ಅವು ದುಂಡಗೆ, ಸುತ್ತಲೂ ಬಿಳಿಯ ಅಂಚಿನೊಂದಿಗೆ, ಹಲವೊಮ್ಮೆ ಎರಡೂ ಕಾಲಿನಲ್ಲಿರುತ್ತವೆ. ಮುರಿದ ಚೂರಿನ ಒಂದು ಬದಿಯಾದರೂ ಚೂಪಾಗಿ, ಬಿಳಿ ಅಂಚಿಲ್ಲದೆ ಇರುತ್ತದೆ. ಅನುಮಾನವಾದರೆ ಪೆನ್ನಿನ ಗುರುತು ಎಲ್ಲಿದೆ ಎಂದು ನೋಡಿ.

ಏನೂ ಸಿಗಲಿಲ್ಲ, ನೋವು ಮಾತ್ರ ಇದೆ

ಚೀಟಿಯಲ್ಲಿ "ಮುರಿತವಿಲ್ಲ" ಎಂದು ಬರೆಯಬೇಡಿ. "ಈ ಫಿಲ್ಮಿನಲ್ಲಿ ಮುರಿತ ಕಂಡಿಲ್ಲ, ನೋವು ಇಂಥ ಜಾಗದಲ್ಲಿದೆ" ಎಂದು ಬರೆಯಿರಿ. ಸ್ಲ್ಯಾಬ್ ಹಾಕಿ, ಊರುಗೋಲು ಕೊಡಿ, ಕಾಲನ್ನು ಎತ್ತರದಲ್ಲಿಡಲು ಹೇಳಿ, ಎಣ್ಣೆ ಹಚ್ಚಿ ನೀವಿಸಿಕೊಳ್ಳಬಾರದೆಂದು ಮನೆಯವರಿಗೂ ತಿಳಿಸಿ. ನೋವು ಏರುತ್ತಾ ಹೋಗಿ ಬೆರಳುಗಳು ಮರಗಟ್ಟಿದರೆ ರಾತ್ರಿಯಾದರೂ ತಿರುಗಿ ಬರಬೇಕು. ಏಳರಿಂದ ಹತ್ತು ದಿನಗಳೊಳಗೆ ಮತ್ತೆ ಒತ್ತಿ ನೋಡಿ, ಮತ್ತೆ ಎಕ್ಸ್‌ರೇ ತೆಗೆಸಿ. ಆಗಲೂ ನೋವಿದ್ದು ಫಿಲ್ಮ್ ಸುಮ್ಮನಿದ್ದರೆ ಸಿಟಿ ಅಥವಾ ಎಂಆರ್‌ಐಗೆ ಹಾಸನಕ್ಕೋ ಚಿಕ್ಕಮಗಳೂರಿಗೋ ಕಳುಹಿಸಿ.

ದಿನಗೂಲಿಯವರು ಒಂದು ದಿನದ ಸಂಬಳ ಬಿಟ್ಟು ಬರುವುದು ಕಷ್ಟ. ಹಾಗಾಗಿ ನಾನು ತಾರೀಖು ಬರೆಯುವ ಮೊದಲು ಅವರ ತೋಟದಲ್ಲಿ ಬಟವಾಡೆ ಯಾವತ್ತು, ಅವರ ಊರಿನ ಸಂತೆ ಯಾವತ್ತು ಎಂದು ಕೇಳುತ್ತೇನೆ. ಸಂತೆಗೆ ಹೇಗೂ ಪೇಟೆಗೆ ಬರುತ್ತಾರೆ. ಹತ್ತನೆಯ ದಿನಕ್ಕೆ ಹತ್ತಿರದ ಸಂತೆಯ ದಿನವನ್ನೇ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಜೊತೆಗೆ ಬಂದ ತೋಟದ ರೈಟರ (ಲೆಕ್ಕ ಬರೆಯುವವರ) ಕೈಯಲ್ಲಿ ಓದಿಸಿ ಕಳುಹಿಸುತ್ತೇನೆ.